ಪುಕ್ಕಟೆ ತಂತ್ರಾಂಶದ ಕೂಲಿ ಯಾರು ಕೊಡಬೇಕು?

ಸುರಪುರದ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ನೇಮಕಾತಿ ಅರ್ಜಿ ಕರೆದಾಗ, ಸ್ಕಾಲರ್‌ಶಿಪ್‌ಗೆ ಕೊನೆಯ ದಿನ ಬಂದಾಗ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಜೆಗೆ ಊರಿಗೆ ಬಂದಾಗ ಸಂಜೆ ಹೊತ್ತು ಅಲ್ಲಿ ಕೂತು ನಾನೂ ಕೈ ಜೋಡಿಸುವುದುಂಟು. ಅಲ್ಲಿಗೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಒಂದೇ ತರಹದ್ದು. ಯಾರೋ ಪೆನ್ ಡ್ರೈವ್ ಹಿಡಿದು ಬರುತ್ತಾರೆ. ಅದರಲ್ಲಿ ಹಳೆಯ ನುಡಿಯಲ್ಲಿ ಟೈಪ್ ಮಾಡಿದ ಮನವಿ ಪತ್ರ, ಸಂಘದ ಠರಾವು, ಇಲ್ಲವೇ ಲಗ್ನಪತ್ರಿಕೆ ಇರುತ್ತದೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕು ಅಥವಾ ಯಾವುದೋ ಇಲಾಖೆಯ ಜಾಲತಾಣದಲ್ಲಿ ತುಂಬಬೇಕು. ಹಾಗೇ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು ಕಾಣಿಸುತ್ತದೆ. ಮೊದಲು ಅದು ಯೂನಿಕೋಡ್‌ಗೆ ಬದಲಾಗಬೇಕು. ಅಂಗಡಿಯ ಕಾಕಾ ಬ್ರೌಸರ್‌ನಲ್ಲಿ ಒಂದು ಪುಟ ತೆರೆದು, ಎಡಗಡೆ ಅಂಟಿಸಿ, ಗುಂಡಿ ಒತ್ತಿ, ಬಲಗಡೆಯಿಂದ ಕನ್ನಡ ತೆಗೆದುಕೊಳ್ಳುತ್ತಾರೆ. ಹತ್ತು ರೂಪಾಯಿ.

ಒಂದು ದಿನ ಕೇಳಿದೆ: ‘ಕಾಕಾ, ಇದನ್ನ ಯಾರು ಮಾಡ್ಯಾರಂತ ಗೊತ್ತದನು?’

‘ಯಾರಿಗ್ ಗೊತ್ತೋ ತಮ್ಮಾ. ಪುಕ್ಕಟೆ ಅದ, ನಡೀತದ. ನಿಂತ ದಿನ ನೋಡಿದರಾಯ್ತು.’

ನಿಂತ ದಿನ ನೋಡಿದರಾಯ್ತು ಎನ್ನುವುದು ಕಾಕಾ ಒಬ್ಬರ ಮಾತಲ್ಲ. ಕೋಟ್ಯಂತರ ರೂಪಾಯಿ ವಹಿವಾಟಿನ ಕಂಪನಿಗಳೂ ಇದನ್ನೇ ನಂಬಿಕೊಂಡು ನಡೆಯುತ್ತಿವೆ. ನನಗೂ ಇದು ತಿಳಿದದ್ದು ಬುದ್ಧಿವಂತಿಕೆಯಿಂದಲ್ಲ, ನನ್ನದೇ ಒಂದು ತಪ್ಪಿನಿಂದ.

ಹೋದ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ಒಂದು ಸಣ್ಣ ಮುಕ್ತ ತಂತ್ರಾಂಶದ ಲೈಬ್ರರಿ ಬಳಸಿದ್ದೆ. ಡೆಮೊ ಹಿಂದಿನ ರಾತ್ರಿ ಅದು ಕೈಕೊಟ್ಟಿತು. ನಾನು ಆ ಯೋಜನೆಯ ಪುಟಕ್ಕೆ ಹೋಗಿ, ನಾಳೆ ನನ್ನ ಪ್ರದರ್ಶನ ಇದೆ, ಇದನ್ನು ಬೇಗ ಸರಿಪಡಿಸಿ, ಹೀಗೆ ಅರ್ಧಂಬರ್ಧ ಕೆಲಸ ಮಾಡುವುದಾದರೆ ಯಾಕೆ ಹಾಕುತ್ತೀರಿ ಎಂಬರ್ಥದಲ್ಲಿ ಬರೆದುಬಿಟ್ಟೆ. ಎರಡು ತಾಸಿಗೆ ಉತ್ತರ ಬಂತು. ತಪ್ಪು ಎಲ್ಲಿದೆ ಎಂದು ತೋರಿಸಿ, ತಾತ್ಕಾಲಿಕವಾಗಿ ಹೀಗೆ ಮಾಡಿಕೊ ಎಂದು ನಾಲ್ಕು ಸಾಲು ಕೋಡ್ ಕೊಟ್ಟಿದ್ದರು. ಕೊನೆಯಲ್ಲಿ, ಮಗು ಮಲಗಿದ ಮೇಲೆ ಕಂಪ್ಯೂಟರ್ ತೆಗೆದೆ, ತಡವಾದದ್ದಕ್ಕೆ ಕ್ಷಮಿಸು ಎಂದಿತ್ತು. ಡೆಮೊ ಚೆನ್ನಾಗಿಯೇ ಆಯಿತು, ಅಂಕವೂ ಬಂತು. ಆ ಸಾಲು ಮಾತ್ರ ತಲೆಯಿಂದ ಹೋಗಲಿಲ್ಲ. ನಾನು ಅವರಿಗೆ ಒಂದು ಪೈಸೆ ಕೊಟ್ಟಿರಲಿಲ್ಲ, ಆದರೂ ಬೈದದ್ದು ನಾನು, ಕ್ಷಮೆ ಕೇಳಿದ್ದು ಅವರು.

ಇಂಥವರನ್ನು ಈ ಲೋಕದಲ್ಲಿ ಮೇಂಟೇನರ್ ಎನ್ನುತ್ತಾರೆ. ನಿರ್ವಾಹಕ ಎಂದು ಬರೆಯೋಣವೆಂದರೆ ನಮ್ಮ ಭಾಗದಲ್ಲಿ ಎಲ್ಲರಿಗೂ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನ ಕಂಡಕ್ಟರ್ ನೆನಪಾಗುತ್ತಾರೆ! ಆದರೂ ಹೋಲಿಕೆ ಪೂರ್ತಿ ತಪ್ಪೇನಲ್ಲ. ಡ್ರೈವರ್ ಎದುರಿಗೆ ಕಾಣುತ್ತಾನೆ, ಬಸ್ಸಿನೊಳಗಿನ ಜಗಳವೆಲ್ಲ ಕಂಡಕ್ಟರ್ ಪಾಲಿಗೆ. ವ್ಯತ್ಯಾಸ ಇಷ್ಟೇ, ಕಂಡಕ್ಟರ್‌ಗೆ ತಿಂಗಳ ಸಂಬಳ ಇದೆ.

ಮುಕ್ತ ತಂತ್ರಾಂಶ ಎಂದರೆ ಬರೀ ಪುಕ್ಕಟೆ ತಂತ್ರಾಂಶ ಅಲ್ಲ. ಅದರ ಒಳಗಿನ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಮರುಹಂಚಬಹುದು. ನಮ್ಮ ಲ್ಯಾಬ್‌ನ ಉಬುಂಟು, ಅದರೊಳಗಿನ ಲಿನಕ್ಸ್, ಪೈಥಾನ್, ಪೋಸ್ಟ್‌ಗ್ರೆಸ್, ಸಿನಿಮಾ ನೋಡುವ ವಿಎಲ್‌ಸಿ ಎಲ್ಲವೂ ಈ ಜಾತಿಯವೇ. ಉಬುಂಟುವಿನಲ್ಲಿ ಕನ್ನಡ ಅಕ್ಷರ ಮೂಡುವುದರ ಹಿಂದೆಯೂ ಇಂಥ ಕೆಲಸ ಇದೆ. ಡೆಬಿಯನ್ ಮತ್ತು ಉಬುಂಟುವಿನ ಕನ್ನಡ ಫಾಂಟ್ ಕಟ್ಟಿನಲ್ಲಿ ಮೂರು ಹೆಸರು ಸಿಗುತ್ತವೆ: ಲೋಹಿತ್, ಗುಬ್ಬಿ, ನವಿಲು. ಲೋಹಿತ್ ಬೆಳೆದದ್ದು ರೆಡ್ ಹ್ಯಾಟ್ ಎಂಬ ಕಂಪನಿಯ ಆಸರೆಯಲ್ಲಿ. ಗುಬ್ಬಿ, ನವಿಲು ಕನ್ನಡದ ಆಸಕ್ತರ ಸ್ವಂತ ಶ್ರಮದಿಂದ ಬಂದವು. ಒಂದೇ ಕಟ್ಟಿನಲ್ಲಿ ಒಂದಕ್ಕೆ ಸಂಬಳದ ಬೆಂಬಲ ಇತ್ತು, ಉಳಿದವಕ್ಕೆ ಪ್ರೀತಿಯ ಬೆಂಬಲ. ಪ್ರೀತಿ ದೊಡ್ಡದು, ಒಪ್ಪುತ್ತೇನೆ. ಆದರೆ ಪ್ರೀತಿಗೂ ಕರೆಂಟ್ ಬಿಲ್ ಬರುತ್ತದೆ. ಮೊದಲು ಉಚಿತವಾಗಿ ಸಿಗುತ್ತಿದ್ದ ‘ಬರಹ’ಕ್ಕೆ ಮುಂದೆ ಬೆಲೆ ಬಂದಾಗ ಗೊಣಗಿದವರು ಬಹಳ ಮಂದಿ ಎಂದು ಹಿರಿಯರು ಹೇಳುತ್ತಾರೆ. ಉಚಿತವಾಗಿದ್ದಷ್ಟು ವರ್ಷ ಅದರ ಖರ್ಚು ಯಾರು ಹೊತ್ತರು ಎಂದು ಆ ಗೊಣಗಿದವರಲ್ಲಿ ಎಷ್ಟು ಜನ ಕೇಳಿರಬಹುದು?

ತಂತ್ರಾಂಶವನ್ನು ಒಮ್ಮೆ ಬರೆದರೆ ಮುಗಿಯಿತಲ್ಲ, ಮತ್ತೇಕೆ ಹಣ ಎಂದು ನನ್ನ ಅಪ್ಪ ಕೇಳಿದರು. ಅವರಿಗೆ ನಾನು ಕಾಲುವೆಯ ಮಾತಿನಲ್ಲೇ ಉತ್ತರ ಕೊಟ್ಟೆ. ನಾರಾಯಣಪುರದ ಬಸವಸಾಗರ ಅಣೆಕಟ್ಟೆ 1982ರಲ್ಲಿ ಆಯಿತು. ಅದರ ಎಡದಂಡೆ ಕಾಲುವೆ, ಶಹಾಪುರ ಶಾಖಾ ಕಾಲುವೆ, ಮುಡಬಾಳ ಶಾಖಾ ಕಾಲುವೆ ಇವೆಲ್ಲ ನಮ್ಮ ಸೀಮೆಯ ಬದುಕನ್ನೇ ಬದಲಿಸಿದವು. ಕಾಲುವೆ ತೋಡುವಾಗ ಅಡಿಗಲ್ಲು ಇರುತ್ತದೆ, ಮಂತ್ರಿಗಳ ಹೆಸರಿನ ಫಲಕ ಇರುತ್ತದೆ. ಹೂಳು ತೆಗೆಯುವುದಕ್ಕೆ, ಜೇಕು ಕೀಳುವುದಕ್ಕೆ, ಒಡೆದ ಲೈನಿಂಗ್ ಮುಚ್ಚುವುದಕ್ಕೆ, ರಾತ್ರಿ ಗೇಟ್ ಕಾಯುವುದಕ್ಕೆ ಯಾರೂ ಫಲಕ ಹಾಕುವುದಿಲ್ಲ. ಆ ಕೆಲಸ ನಿಂತರೆ ಮೇಲ್ಭಾಗದವರಿಗೆ ಗೊತ್ತೇ ಆಗುವುದಿಲ್ಲ. ಅವರ ಭತ್ತದ ಗದ್ದೆಗೆ ನೀರು ಬರುತ್ತಲೇ ಇರುತ್ತದೆ. ಕೊನೆಯ ಭಾಗದ ರೈತನ ಹೊಲ ಒಣಗಿ, ಆತ ಭೀಮರಾಯನಗುಡಿಯ ನಿಗಮದ ಕಚೇರಿ ಮುಂದೆ ಬಂದು ಕೂತಾಗಷ್ಟೇ ಸುದ್ದಿಯಾಗುತ್ತದೆ. ಅಪ್ಪ ಮುಂದೆ ಏನೂ ಕೇಳಲಿಲ್ಲ. ನಮ್ಮದೂ ಕೊನೆಯ ಭಾಗದ ಹೊಲವೇ.

ತಂತ್ರಾಂಶದ ಕಾಲುವೆ ಒಡೆದ ದೊಡ್ಡ ಪ್ರಸಂಗ ಎಂದರೆ 2014ರ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’. ನಾವು ಬ್ಯಾಂಕ್ ಜಾಲತಾಣ ತೆರೆದಾಗ ವಿಳಾಸದ ಪಕ್ಕ ಬೀಗದ ಗುರುತು ಕಾಣುತ್ತದಲ್ಲ, ಆ ಬೀಗದ ಹಿಂದಿನ ಗೂಢಲಿಪಿಯ ಕೆಲಸವನ್ನು ಜಗತ್ತಿನ ಬಹುಪಾಲು ಸರ್ವರ್‌ಗಳಲ್ಲಿ ಮಾಡುತ್ತಿದ್ದದ್ದು ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶ. ಅದರಲ್ಲಿ ಎರಡು ವರ್ಷದಿಂದ ಒಂದು ತೂತು ಇತ್ತು. ಅದರ ಮೂಲಕ ಸರ್ವರ್‌ನ ನೆನಪಿನಿಂದ ಪಾಸ್‌ವರ್ಡ್, ಕೀಲಿಗಳನ್ನು ಹೊರಗಿನವರು ಕದಿಯಬಹುದಿತ್ತು. ಆಮೇಲೆ ಹೊರಬಂದ ವಿಷಯ ಇನ್ನೂ ದಂಗುಬಡಿಸುವಂಥದ್ದು. ಇಡೀ ಜಗತ್ತು ಅವಲಂಬಿಸಿದ್ದ ಆ ಯೋಜನೆಗೆ ಪೂರ್ಣಾವಧಿಯಲ್ಲಿ ದುಡಿಯುತ್ತಿದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್, ಅಂದಿನ ಲೆಕ್ಕದಲ್ಲಿ ಒಂದೂಕಾಲು ಲಕ್ಷ ರೂಪಾಯಿಯೂ ಇಲ್ಲ. ನಮ್ಮೂರಿನ ಜಾತ್ರೆಯ ಪಟ್ಟಿ ಇದಕ್ಕಿಂತ ಹೆಚ್ಚು ಆಗುತ್ತದೆ! ಸುದ್ದಿಯಾದ ಮೇಲೆ ಲಿನಕ್ಸ್ ಫೌಂಡೇಶನ್ ಮುಂದೆ ನಿಂತಿತು. ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್, ಫೇಸ್‌ಬುಕ್, ಐಬಿಎಂ ಮುಂತಾದ ಕಂಪನಿಗಳು ಮೂರು ವರ್ಷ ಪ್ರತಿ ವರ್ಷ ತಲಾ 1 ಲಕ್ಷ ಡಾಲರ್ ಕೊಡಲು ಒಪ್ಪಿದವು. ಕೊಡಲು ಅವುಗಳ ಬಳಿ ಮೊದಲೂ ಹಣ ಇತ್ತು, ಕೇಳುವವರು ಇರಲಿಲ್ಲ ಅಷ್ಟೇ.

ಹತ್ತು ವರ್ಷ ಕಳೆದು, 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಜೆಡ್’ ಪ್ರಕರಣ ಬಂತು. ಇದು ನನಗೆ ಹೆಚ್ಚು ನೋವು ಕೊಡುವ ಕಥೆ. ಕಡತಗಳನ್ನು ಕುಗ್ಗಿಸುವ ಈ ಸಣ್ಣ ಸಾಧನವನ್ನು ಲಾಸೆ ಕಾಲಿನ್ ಎಂಬ ಫಿನ್ಲೆಂಡ್‌ನ ವ್ಯಕ್ತಿ ವರ್ಷಗಟ್ಟಲೆ ಒಬ್ಬರೇ ನೋಡಿಕೊಂಡಿದ್ದರು. 2022ರಲ್ಲಿ ಕೆಲವರು, ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಮೇಲಿಂದ ಮೇಲೆ ಚುಚ್ಚತೊಡಗಿದರು. ತನಗೆ ಬಹಳ ಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳ ಇಲ್ಲದ ಹವ್ಯಾಸದ ಕೆಲಸ ಎಂದು ಅವರು ಬಹಿರಂಗವಾಗಿಯೇ ಹೇಳಿಕೊಳ್ಳಬೇಕಾಯಿತು. ಆ ಹೊತ್ತಿನಲ್ಲಿ ‘ಜಿಯಾ ಟಾನ್’ ಎಂಬ ಹೆಸರಿನವನು ಬಹಳ ಸಹಾಯ ಮಾಡುವವನಂತೆ ಬಂದು, ನಂಬಿಕೆ ಗಳಿಸಿ, ಕೊನೆಗೆ ಕೀಲಿಕೈ ಹಿಡಿದ. 2024ರ ಆವೃತ್ತಿಯೊಳಗೆ ಗುಟ್ಟಿನ ಹಿಂಬಾಗಿಲು ಇಟ್ಟ. ಅದು ಎಲ್ಲೆಡೆ ಹರಡಿದ್ದರೆ ಜಗತ್ತಿನ ಅಸಂಖ್ಯ ಲಿನಕ್ಸ್ ಸರ್ವರ್‌ಗಳಿಗೆ ಅವನು ಬೇಕೆಂದಾಗ ನುಗ್ಗಬಹುದಿತ್ತು. ಉಳಿಸಿದ್ದು ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಸಮಯ ಯಾಕೆ ಹಿಡಿಯುತ್ತಿದೆ ಎಂದು ಅವರು ಬೆನ್ನುಹತ್ತಿ ಹೋದರು, ಬಾಗಿಲು ಸಿಕ್ಕಿತು.

ಕಾಲಿನ್ ಅವರನ್ನು ಚುಚ್ಚಿದ ಆ ಸಂದೇಶಗಳನ್ನು ಓದಿದಾಗ ನನ್ನ ಮೈ ಬಿಸಿಯಾಯಿತು. ಅವು ಬಹುಶಃ ಅದೇ ವಂಚಕರ ನಕಲಿ ಹೆಸರುಗಳು ಎಂಬ ಅನುಮಾನ ಇದೆ. ಆದರೆ ಧಾಟಿ ನನಗೆ ಚೆನ್ನಾಗಿ ಗೊತ್ತಿತ್ತು. ಡೆಮೊ ಹಿಂದಿನ ರಾತ್ರಿ ನಾನು ಬರೆದದ್ದೂ ಅದೇ ಧಾಟಿಯಲ್ಲಿ.

ಹಾಗಾದರೆ ಈ ಕೂಲಿ ಯಾರು ಕೊಡಬೇಕು? ಹುಡುಕುತ್ತಾ ಹೋದಾಗ ಒಂದು ಉತ್ತರ ನಮ್ಮ ಬೆಂಗಳೂರಿನಲ್ಲೇ ಸಿಕ್ಕಿತು. ಷೇರು ವಹಿವಾಟಿನ ಜೆರೋಧಾ ಕಂಪನಿಯ ಹೆಸರು ಕೇಳಿರುತ್ತೀರಿ. 2024ರ ಅಕ್ಟೋಬರ್‌ನಲ್ಲಿ ಅದು ‘ಫ್ಲಾಸ್ ಫಂಡ್’ ಎಂಬ ನಿಧಿ ಘೋಷಿಸಿತು. ವರ್ಷಕ್ಕೆ 10 ಲಕ್ಷ ಡಾಲರ್, ಅಂದರೆ ಎಂಟು ಕೋಟಿ ರೂಪಾಯಿಗೂ ಹೆಚ್ಚು, ಜಗತ್ತಿನ ಯಾವ ಮೂಲೆಯ ಮುಕ್ತ ತಂತ್ರಾಂಶ ಯೋಜನೆಯೂ ಅರ್ಜಿ ಹಾಕಬಹುದು. ಒಂದು ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್‌ವರೆಗೆ. ಕಾರಣ ನೇರವಾಗಿದೆ: ಕಂಪನಿ ಕಟ್ಟಿದ್ದೇ ಮುಕ್ತ ತಂತ್ರಾಂಶದ ಮೇಲೆ, ಆದ್ದರಿಂದ ಮರಳಿ ಕೊಡುವುದು ಸರಿ. ನನಗೆ ಹಿಡಿಸಿದ್ದು ಹಣದ ಮೊತ್ತಕ್ಕಿಂತ ಕೇಳುವ ಕ್ರಮ. ಯೋಜನೆ ನಡೆಸುವವರು ‘ಫಂಡಿಂಗ್ ಡಾಟ್ ಜೇಸನ್’ ಎಂಬ ಒಂದು ಸಣ್ಣ ಕಡತವನ್ನು ತಮ್ಮ ಜಾಲತಾಣದಲ್ಲೋ ಕೋಡ್ ಜೊತೆಗೋ ಇಡಬೇಕು. ನಾವು ಯಾರು, ಏನು ಮಾಡುತ್ತೇವೆ, ವರ್ಷಕ್ಕೆ ಎಷ್ಟು ಬೇಕು, ಯಾವ ದಾರಿಯಲ್ಲಿ ಕಳಿಸಬಹುದು ಎಂಬಷ್ಟೇ ವಿವರ ಅದರಲ್ಲಿ. ಅಂಥ ಕಡತಗಳೆಲ್ಲ ಸೇರಿ ಒಂದು ಬಹಿರಂಗ ಪಟ್ಟಿಯಾಗುತ್ತದೆ. ಜೆರೋಧಾ ಕೊಡದಿದ್ದರೂ ಅದೇ ಪಟ್ಟಿ ನೋಡಿ ಇನ್ನೊಂದು ಕಂಪನಿ ಕೊಡಬಹುದು. ಸ್ಕಾಲರ್‌ಶಿಪ್‌ಗಾಗಿ ಒಂದೇ ಜಾತಿ-ಆದಾಯ ಪ್ರಮಾಣಪತ್ರವನ್ನು ಐದು ಕಡೆ ಅಪ್‌ಲೋಡ್ ಮಾಡಿ ಸುಸ್ತಾದ ನಮಗೆ ಇದರ ಬೆಲೆ ತಿಳಿಯುತ್ತದೆ.

ಇದೇ ಬಳಗದ ಇನ್ನೊಂದು ಕೆಲಸ ಕನ್ನಡಿಗರಿಗೆ ನೇರವಾಗಿ ಮುಟ್ಟಿದೆ. ವಿ. ಕೃಷ್ಣ ಎಂಬವರು ದಶಕಗಳ ಕಾಲ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಅರ್ಥಗಳು. ಜೆರೋಧಾದ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ ಅದನ್ನು ಮುಕ್ತ ಪರವಾನಗಿಯಲ್ಲಿ 2019ರಲ್ಲಿ ‘ಅಲರ್’ ಎಂಬ ಜಾಲತಾಣವಾಗಿ ಎಲ್ಲರ ಕೈಗೆ ಸಿಗುವಂತೆ ಮಾಡಿದರು. ಇಂಗ್ಲಿಷ್ ಪದಕ್ಕೆ ತಡಕಾಡುವ ನಮ್ಮಂಥ ಕನ್ನಡ ಮಾಧ್ಯಮದವರಿಗೆ ಅದು ದಿನದ ಆಸರೆ. ಅದೇ ನಾಡಿನ ಸಾವಿರ ಕಂಪನಿಗಳಲ್ಲಿ ಇಂಥದ್ದಕ್ಕೆ ಕೈ ಹಾಕಿದವು ಎಷ್ಟು ಎಂದು ಕೇಳಿಕೊಂಡರೆ ಸಂತೋಷ ಸ್ವಲ್ಪ ಇಳಿಯುತ್ತದೆ.

ಜೆರೋಧಾವನ್ನು ಹೊಗಳುತ್ತಲೇ ಒಂದು ಮಾತು. ಒಂದು ಕಂಪನಿಯ ಒಳ್ಳೆಯ ಮನಸ್ಸನ್ನು ನಂಬಿ ಜಗತ್ತಿನ ಕಾಲುವೆ ನಡೆಸಲಾಗದು. ಮಾಲೀಕರು ಬದಲಾದರೆ, ಒಂದು ವರ್ಷ ನಷ್ಟವಾದರೆ ಮೊದಲು ನಿಲ್ಲುವುದು ಇಂಥ ಖರ್ಚು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಸಂಶೋಧಕರು 2024ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. ಹೆಚ್ಚು ಬಳಕೆಯ ಮುಕ್ತ ತಂತ್ರಾಂಶವನ್ನೆಲ್ಲ ಒಮ್ಮೆ ಹೊಸದಾಗಿ ಬರೆಯಲು 415 ಕೋಟಿ ಡಾಲರ್ ಸಾಕಂತೆ. ಅದು ಇಲ್ಲದೆ ಪ್ರತಿ ಕಂಪನಿಯೂ ತನ್ನಷ್ಟಕ್ಕೆ ತಾನೇ ಬರೆದುಕೊಳ್ಳಬೇಕಾದರೆ ಆಗುವ ಖರ್ಚು 8.8 ಲಕ್ಷ ಕೋಟಿ ಡಾಲರ್. ಈ ಎರಡರ ನಡುವಿನ ಅಂತರವನ್ನು ಜಗತ್ತಿನ ಕಂಪನಿಗಳು ಪ್ರತಿದಿನ ಉಣ್ಣುತ್ತಿವೆ. ಇನ್ನೊಂದೆಡೆ, ಟೈಡ್‌ಲಿಫ್ಟ್ ಎಂಬ ಸಂಸ್ಥೆ 2024ರಲ್ಲಿ ಮೇಂಟೇನರ್‌ಗಳನ್ನೇ ಕೇಳಿದಾಗ ನೂರಕ್ಕೆ 60 ಮಂದಿ ತಮಗೆ ಹಣವೇ ಬರುವುದಿಲ್ಲ ಎಂದರು.

ಕಂಪನಿಗಳೆಲ್ಲ ಜಿಪುಣರು ಎಂದು ಬರೆದುಬಿಡುವುದು ಸುಲಭ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರಿನ ಒಬ್ಬ ಅಣ್ಣನನ್ನು ಕೇಳಿದಾಗ ಬೇರೆಯದೇ ಕಾರಣ ಸಿಕ್ಕಿತು. ‘ನಮ್ಮ ಮ್ಯಾನೇಜರ್‌ಗೆ ಕೊಡೋ ಮನಸ್ಸದ. ಆದ್ರ ಅಕೌಂಟ್ಸ್‌ನವರು ಬಿಲ್ ಎಲ್ಲಿ ಅಂತಾರ, ಜಿಎಸ್‌ಟಿ ನಂಬರ್ ಎಲ್ಲಿ ಅಂತಾರ. ದಾನ ಅಂದ್ರ ಅವರ ಫೈಲಿನ್ಯಾಗ ಕಾಲಮ್ಮೇ ಇಲ್ಲ.’ ಕಂಪನಿಯ ಲೆಕ್ಕ ವಿಭಾಗಕ್ಕೆ ಖರೀದಿ ಗೊತ್ತು, ಪ್ರೀತಿಯ ಕಾಣಿಕೆ ಗೊತ್ತಿಲ್ಲ. ಆದ್ದರಿಂದ ಜಾಣ ಮೇಂಟೇನರ್‌ಗಳು ಈಗ ಕಾಣಿಕೆ ಡಬ್ಬಿ ಇಡುವುದಕ್ಕಿಂತ ಬಿಲ್ ಕೊಡುವ ದಾರಿ ಹುಡುಕುತ್ತಿದ್ದಾರೆ. ವರ್ಷದ ಸಪೋರ್ಟ್ ಒಪ್ಪಂದ, ಇಂಥ ಸೌಲಭ್ಯ ಸೇರಿಸಲು ಇಷ್ಟು ಎಂಬ ದರ, ನೌಕರರಿಗೆ ತರಬೇತಿ. ಕೋಡ್ ಎಲ್ಲರಿಗೂ ಮುಕ್ತವಾಗಿಯೇ ಉಳಿಯುತ್ತದೆ, ಕಂಪನಿಯ ಕೈಗೆ ರಸೀದಿಯೂ ಸಿಗುತ್ತದೆ. ಬಿಲ್ ಕೊಡಲಾಗದ ಸಣ್ಣ ಗುಂಪುಗಳಿಗೆ ‘ಓಪನ್ ಕಲೆಕ್ಟಿವ್’ನಂಥ ವ್ಯವಸ್ಥೆ ಇದೆ. ಅಲ್ಲಿ ಒಂದು ನೋಂದಾಯಿತ ಸಂಸ್ಥೆ ನಡುವೆ ನಿಂತು ಹಣ ಪಡೆದು, ಪ್ರತಿ ಖರ್ಚನ್ನೂ ಎಲ್ಲರಿಗೂ ಕಾಣುವಂತೆ ಬರೆದಿಡುತ್ತದೆ. ಗಿಟ್‌ಹಬ್ 2019ರಲ್ಲಿ ಶುರುಮಾಡಿದ ಸ್ಪಾನ್ಸರ್ಸ್‌ನಲ್ಲಿ ಒಬ್ಬ ವ್ಯಕ್ತಿಗೆ ನೇರವಾಗಿ ತಿಂಗಳ ಹಣ ಕಳಿಸಬಹುದು. ‘ಓಪನ್ ಸೋರ್ಸ್ ಪ್ಲೆಡ್ಜ್’ ಎಂಬ ಇನ್ನೊಂದು ಪ್ರತಿಜ್ಞೆ 2024ರಲ್ಲಿ ಬಂದಿದೆ. ಕಂಪನಿಯಲ್ಲಿ ಎಷ್ಟು ಜನ ಪೂರ್ಣಾವಧಿ ಡೆವಲಪರ್‌ಗಳಿದ್ದಾರೋ ತಲಾ ವರ್ಷಕ್ಕೆ 2,000 ಡಾಲರ್ ಮೇಂಟೇನರ್‌ಗಳಿಗೆ ಕೊಡಬೇಕು. ಎಷ್ಟು ಕೊಡಬೇಕು ಎಂಬ ಗೊಂದಲಕ್ಕೆ ಇದು ಒಳ್ಳೆಯ ಅಳತೆಗೋಲು.

ಇವೆಲ್ಲಕ್ಕಿಂತ ಗಟ್ಟಿ ದಾರಿ ಎಂದರೆ ಮೇಂಟೇನರ್‌ನನ್ನೇ ನೌಕರಿಗೆ ತೆಗೆದುಕೊಂಡು, ನಿನ್ನ ಕೆಲಸ ನೀನು ಮಾಡು ಎಂದು ಬಿಟ್ಟುಬಿಡುವುದು. ಲಿನಕ್ಸ್ ಇಂದು ಗಟ್ಟಿಯಾಗಿ ನಿಂತಿರುವುದು ಹಾಗೆಯೇ. ಅದರ ಬಹುಪಾಲು ಕೆಲಸ ಕಂಪನಿಗಳ ಸಂಬಳದಲ್ಲಿರುವವರದ್ದು.

ಇದು ಬೆಂಗಳೂರಿನವರ, ಅಮೆರಿಕದವರ ಮಾತು, ಯಾದಗಿರಿಗೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ ನನಗೆ ಬಹಳ ಇಷ್ಟವಾದ ಒಂದು ಕಥೆ ಇದೆ. ಅನೇಕ ಕಾಲೇಜು ಗ್ರಂಥಾಲಯಗಳಲ್ಲಿ ‘ಕೋಹಾ’ ಎಂಬ ತಂತ್ರಾಂಶ ಇರುತ್ತದೆ. ಪುಸ್ತಕ ಯಾರು ಒಯ್ದರು, ಯಾವಾಗ ತರಬೇಕು ಎಲ್ಲ ಅದರಲ್ಲೇ. ಅದು ಹುಟ್ಟಿದ್ದು ನ್ಯೂಜಿಲೆಂಡ್‌ನ ಹೊರೊವೆನುವಾ ಎಂಬ ಗ್ರಾಮೀಣ ಪ್ರದೇಶದ ಗ್ರಂಥಾಲಯ ಸಂಸ್ಥೆಯಲ್ಲಿ. ಅವರ ಹಳೆಯ ವ್ಯವಸ್ಥೆ 2000ನೇ ಇಸವಿ ಬಂದಾಗ ನಿಂತುಹೋಗುವಂತಿತ್ತು. ಹೊಸದನ್ನು ಕೊಳ್ಳುವ ಬದಲು ಅವರು ಒಂದು ಸಣ್ಣ ಕಂಪನಿಗೆ ಹಣ ಕೊಟ್ಟು ಬರೆಸಿ, ಕೋಡನ್ನು ಜಗತ್ತಿಗೆ ಬಿಟ್ಟುಕೊಟ್ಟರು. ಕೋಹಾ ಎಂದರೆ ಅಲ್ಲಿನ ಮಾವೊರಿ ಭಾಷೆಯಲ್ಲಿ ಉಡುಗೊರೆ. ಮುಂದೆ ಅಮೆರಿಕದ ಓಹಾಯೊ ರಾಜ್ಯದ ನೆಲ್ಸನ್‌ವಿಲ್ ಎಂಬ ಸಣ್ಣ ಊರಿನ ಗ್ರಂಥಾಲಯಕ್ಕೆ ಪುಸ್ತಕ ವಿವರದ ಮಾರ್ಕ್ ಮಾದರಿ ಬೇಕಿತ್ತು. ಅವರು ಅದಕ್ಕೆ ಹಣ ಕೊಟ್ಟು ಮಾಡಿಸಿದರು, ಅದೂ ಎಲ್ಲರದ್ದಾಯಿತು. ಹೀಗೆ ಒಬ್ಬೊಬ್ಬರು ತಮಗೆ ಬೇಕಾದ ಕಲ್ಲು ಇಟ್ಟು ಕಟ್ಟಿದ ಮನೆ ಅದು. ದೊಡ್ಡ ಕಂಪನಿ ಯಾವುದೂ ಅದರ ಬುಡದಲ್ಲಿ ಇರಲಿಲ್ಲ, ಇದ್ದದ್ದು ನಮ್ಮ ಶಹಾಪುರದಂಥ ಊರುಗಳು.

ಸರ್ಕಾರವೂ ಇದನ್ನು ಮಾಡಬಹುದು ಎಂದು ತೋರಿಸಿದವರು ನೆರೆಯ ಕೇರಳದವರು. ಅಲ್ಲಿನ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್, ಶಾಲೆಗಳಿಗಾಗಿ ತನ್ನದೇ ಲಿನಕ್ಸ್ ಆವೃತ್ತಿ ಸಿದ್ಧಪಡಿಸಿ, ಅದನ್ನು ನೋಡಿಕೊಳ್ಳಲು ಸಂಬಳದ ಜನ ಇಟ್ಟಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕಂಪ್ಯೂಟರ್ ಪಾಠ ಕಲಿಯುವುದು ಅದರಲ್ಲೇ. ಜರ್ಮನಿ 2022ರಲ್ಲಿ ಸರ್ಕಾರದ ಹಣದಿಂದಲೇ ‘ಸಾವರಿನ್ ಟೆಕ್ ಫಂಡ್’ ಶುರುಮಾಡಿತು. ಉಬುಂಟುವಿನ ಪರದೆಯ ಹಿಂದಿರುವ ಗ್ನೋಮ್ ಯೋಜನೆಗೆ ಅದು 10 ಲಕ್ಷ ಯೂರೋ ಕೊಟ್ಟಿದೆ. ಅಂದರೆ ನಮ್ಮ ಲ್ಯಾಬ್‌ನ ಪರದೆಗೆ ಜರ್ಮನಿಯ ತೆರಿಗೆದಾರರ ಪಾಲು ಸೇರಿದೆ. ಭಾರತ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶ ಬಳಕೆಗೆ ಆದ್ಯತೆ ಕೊಡುವ ನೀತಿ ತಂದಿದೆ. ಬಳಸಿದ್ದರಲ್ಲಿ ಪಾಲು ಮರಳಿಸುವ ರೂಢಿಯೂ ಅದರ ಜೊತೆಗೆ ಬೆಳೆಯಬೇಕು. ಅದು ಅಸಾಧ್ಯವೇನಲ್ಲ. ಐಐಟಿ ಬಾಂಬೆಯ ಫಾಸೀ ಯೋಜನೆ ಕೇಂದ್ರ ಶಿಕ್ಷಣ ಸಚಿವಾಲಯದ ನೆರವಿನಲ್ಲಿ, ಪಠ್ಯಪುಸ್ತಕದ ಲೆಕ್ಕಗಳಿಗೆ ಸೈಲ್ಯಾಬ್‌ನಲ್ಲಿ ಕೋಡ್ ಬರೆದುಕೊಡುವ ವಿದ್ಯಾರ್ಥಿಗಳಿಗೆ ಗೌರವಧನ ಕೊಡುತ್ತಾ ಬಂದಿದೆ. ಗೆಳೆಯರೇ, ಅದನ್ನು ನೀವೂ ನೋಡಬಹುದು.

ಕಂಪನಿ ಕಾಯ್ದೆಯ 135ನೇ ಕಲಮಿನ ವಿಚಾರವನ್ನೂ ಓದಿದೆ. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಖರ್ಚು ಮಾಡಬಹುದು ಎಂದು ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪಟ್ಟಿ ಇದೆ. ಶಿಕ್ಷಣ, ಆರೋಗ್ಯ, ಪರಿಸರ, ಕ್ರೀಡೆ ಎಲ್ಲ ಇವೆ, ಮುಕ್ತ ತಂತ್ರಾಂಶದ ಹೆಸರು ಇಲ್ಲ. ಒಂದು ಸಾಲು ಸೇರಿಸಿದರೆ ಅಕೌಂಟ್ಸ್‌ನವರ ಕಾಲಮ್ ಸಮಸ್ಯೆ ಅರ್ಧ ತೀರುತ್ತದೆ ಎಂಬುದು ನನ್ನ ಅನಿಸಿಕೆ.

ಕಾಯ್ದೆ ಬದಲಾಗುವವರೆಗೆ ಕಾಲೇಜುಗಳು ಸುಮ್ಮನಿರಬೇಕಿಲ್ಲ. ವಿಟಿಯು ಅಡಿ ಸುಮಾರು 200 ಕಾಲೇಜುಗಳಿವೆ. ಅನೇಕ ಲ್ಯಾಬ್‌ಗಳು ಮುಕ್ತ ತಂತ್ರಾಂಶದ ಮೇಲೇ ನಡೆಯುತ್ತವೆ. ಒಂದೊಂದು ಕಾಲೇಜು ವರ್ಷಕ್ಕೆ 5,000 ರೂಪಾಯಿ, ಅಂದರೆ ಒಂದು ಫೆಸ್ಟ್‌ನ ಫ್ಲೆಕ್ಸ್ ಖರ್ಚು, ತೆಗೆದಿಟ್ಟರೂ 10 ಲಕ್ಷ ಆಗುತ್ತದೆ. ಕನ್ನಡದ ಫಾಂಟ್, ಕೀಲಿಮಣೆ, ಪರಿವರ್ತಕ, ಕಾಗುಣಿತ ಪರೀಕ್ಷಕ ಇವುಗಳನ್ನು ನೋಡಿಕೊಳ್ಳಲು ಒಬ್ಬರಿಗೆ ವರ್ಷದ ಸಂಬಳ ಆಯಿತು. ಹಣ ಪಡೆದು ರಸೀದಿ ಕೊಡುವ ಸಂಸ್ಥೆ ಬೇಕಲ್ಲ ಎಂದರೆ, ಬೆಂಗಳೂರಿನಲ್ಲಿ 2020ರಲ್ಲಿ ಶುರುವಾದ ‘ಫಾಸ್ ಯುನೈಟೆಡ್’ ಎಂಬ ಲಾಭರಹಿತ ಸಂಸ್ಥೆ ಈಗಾಗಲೇ ಯೋಜನೆಗಳಿಗೆ ನೆರವು ಕೊಡುತ್ತಿದೆ, ಕಾಲೇಜುಗಳಲ್ಲಿ ಕ್ಲಬ್ ಕಟ್ಟುತ್ತಿದೆ. ಅಂಥವರ ಜೊತೆ ಮಾತಾಡಬಹುದು. ಈ ಲೆಕ್ಕವನ್ನು ನಮ್ಮ ವಿಭಾಗದ ಮುಖ್ಯಸ್ಥರ ಮುಂದೆ ಇಟ್ಟಾಗ ಅವರು ನಕ್ಕು, ‘ಮೊದಲು ಅಟೆಂಡೆನ್ಸ್ ನೋಡ್ಕೋಪ್ಪಾ’ ಎಂದರು. ಅರ್ಜಿಯನ್ನು ಮಾತ್ರ ವಾಪಸ್ ಕೊಡಲಿಲ್ಲ.

ಹಣ ಎಲ್ಲವನ್ನೂ ಸರಿಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಎಕ್ಸ್‌ಜೆಡ್‌ನ ಕಾಲಿನ್ ಅವರಿಗೆ ಹಣಕ್ಕಿಂತ ಮೊದಲು ಬೇಕಿದ್ದದ್ದು ನಂಬಬಹುದಾದ ಇನ್ನೊಂದು ಜೊತೆ ಕೈ. ತಪ್ಪಾದ ಆಮಿಷ ಕೆಡುಕನ್ನೂ ಮಾಡುತ್ತದೆ. 2020ರ ಅಕ್ಟೋಬರ್‌ನಲ್ಲಿ ಡಿಜಿಟಲ್‌ಓಷನ್ ಕಂಪನಿಯ ‘ಹ್ಯಾಕ್ಟೋಬರ್‌ಫೆಸ್ಟ್’ ನಡೆದಾಗ, ನಾಲ್ಕು ತಿದ್ದುಪಡಿ ಕಳಿಸಿದರೆ ಟಿ-ಶರ್ಟ್ ಎಂದಿದ್ದರು. ಒಂದು ಪದ ಸೇರಿಸಿ, ಒಂದು ಚುಕ್ಕಿ ಅಳಿಸಿ ಕಳಿಸಿದ ಕಸದ ರಾಶಿ ಮೇಂಟೇನರ್‌ಗಳ ಮೇಲೆ ಬಿತ್ತು. ನಿಯಮವನ್ನೇ ನಡುವೆ ಬದಲಿಸಬೇಕಾಯಿತು. ಅದರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳ ಪಾಲೂ ಇತ್ತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ರೆಸ್ಯೂಮೆಗೆ ಒಂದು ಸಾಲು ಸಿಗಲಿ ಎಂದು ನಾವು ಕಳಿಸುವ ಅಂಥ ತಿದ್ದುಪಡಿಯನ್ನು ಮಗು ಮಲಗಿದ ಮೇಲೆ ಯಾರೋ ಕೂತು ಓದಬೇಕಾಗುತ್ತದೆ.

ಮೊನ್ನೆ ಮತ್ತೆ ಕಾಕಾನ ಅಂಗಡಿಗೆ ಹೋಗಿದ್ದೆ. ಇದನ್ನೆಲ್ಲ ಹೇಳಿದೆ. ಕಾಕಾ ಕೇಳುತ್ತಲೇ ಇಬ್ಬರ ಆಧಾರ್ ಜೆರಾಕ್ಸ್ ತೆಗೆದುಕೊಟ್ಟರು, ಒಂದು ಲಗ್ನಪತ್ರಿಕೆಯನ್ನು ಯೂನಿಕೋಡ್‌ಗೆ ತಂದರು. ಆಮೇಲೆ ಗಲ್ಲಾಪೆಟ್ಟಿಗೆ ಎಳೆದು, ‘ದಿನಾ ಇಪ್ಪತ್ತು ಮಂದಿಗೆ ಇದನ್ನ ಮಾಡಿಕೊಡ್ತೀನಿ. ತಿಂಗಳಿಗೆ ನೂರು ರೂಪಾಯಿ ಕೊಟ್ರ ನನಗೇನು ಕಡಿಮಿ ಆಗಂಗಿಲ್ಲ. ಎಲ್ಲದ ಅವನ ಫೋನ್‌ಪೇ ಸ್ಕ್ಯಾನರ್?’ ಎಂದರು.

ನಾವಿಬ್ಬರೂ ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಜಾಲಾಡಿದೆವು. ಸ್ಕ್ಯಾನರ್ ಇರಲಿಲ್ಲ, ಖಾತೆ ಸಂಖ್ಯೆ ಇರಲಿಲ್ಲ, ದೇಣಿಗೆಯ ಗುಂಡಿ ಇರಲಿಲ್ಲ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಇ-ಮೇಲ್ ವಿಳಾಸ ಇತ್ತು. ಅಲ್ಲೇ ಕೂತು ಪತ್ರ ಬರೆದೆ. ಈ ಪರಿವರ್ತಕವನ್ನು ಸುರಪುರದಲ್ಲಿ ಹೀಗೆ ಬಳಸುತ್ತಿದ್ದೇವೆ, ನಿಮಗೆ ಹಣ ಕಳಿಸುವ ದಾರಿ ತಿಳಿಸಿ, ಬೇಕಾದರೆ ಫಂಡಿಂಗ್ ಡಾಟ್ ಜೇಸನ್ ಕಡತವನ್ನು ನಾನೇ ಬರೆದುಕೊಡುತ್ತೇನೆ ಎಂದೆ. ಈ ಸಲ ಬೇಗ ಉತ್ತರಿಸಿ ಎಂದು ಬರೆಯಲಿಲ್ಲ. ಕಾಕಾ ಮಾತ್ರ ನಾನು ಅಂಗಡಿ ಮುಂದೆ ಹಾದಾಗಲೆಲ್ಲ, ‘ಬಂತೇನೋ ತಮ್ಮಾ ಅವನ ಉತ್ತರ?’ ಎಂದು ಕೇಳುತ್ತಿದ್ದಾರೆ.